ಕಿಟಕಿ ಕೆಳಗಿನ ಮೆಷಿನ್

ಆ ಹೊಲಿಗೆ ಶೆಡ್ಡಿನಲ್ಲಿ ಅವಳನ್ನು ಎಲ್ಲರೂ ಕಾಲರಕ್ಕ ಎನ್ನುತ್ತಾರೆ. ಅಂಗಿಗೆ ಕಾಲರ್ ಕೂರಿಸುವುದು ಅವಳ ಕೆಲಸ. ಎಷ್ಟು ಕಾಲರೋ ಅಷ್ಟೇ ಕೂಲಿ. ದಾರ ಕಡಿಯದೆ ಓಡುವ ಮೆಷಿನ್ ಅಲ್ಲಿ ಒಂದೇ ಒಂದು, ಕಿಟಕಿ ಕೆಳಗಿನದು. ಅದು ಅವಳದು. ಉಳಿದವರ ಕಣ್ಣೆಲ್ಲ ಅದರ ಮೇಲೆ. ನೀರು ಕುಡಿಯಲು ಎದ್ದರೂ ಸೀಟಿನ ಮೇಲೆ ಕತ್ತರಿ ಇಟ್ಟೇ ಹೋಗುವಳು.

ಮೇಸ್ತ್ರಿಯ ಕಾನೂನು ಹಾಗಿದೆ. ಬೆಳಗಿನ ಚಹಾ ಹೊತ್ತಿಗೂ ಬಾರದವಳ ಮೆಷಿನ್ ಮೊದಲು ಬಂದು ಕೂತವಳದು. ಹೆರಿಗೆಗೆ ಹೋದವಳಿಗೂ ಅದೇ, ಸಾವಿಗೆ ಹೋದವಳಿಗೂ ಅದೇ.

ಬೇಸಿಗೆಯ ಶುರುವಿನಲ್ಲಿ ಸ್ನಾನ ಮಾಡುವಾಗ ಕಾಲರಕ್ಕನಿಗೆ ಎಡ ಮೊಲೆಯಲ್ಲಿ ಗಂಟೊಂದು ಕೈಗೆ ಸಿಕ್ಕಿತು. ಸರ್ಕಾರಿ ಆಸ್ಪತ್ರೆಯಲ್ಲಿ ಅದನ್ನೆಲ್ಲ ನೋಡುವುದು ಮಂಗಳವಾರ ಬೆಳಿಗ್ಗೆ ಮಾತ್ರ. ಬೆಳಕು ಹರಿಯುವ ಮೊದಲೇ ಸಾಲಿನಲ್ಲಿ ನಿಂತರೂ ಚಹಾ ಹೊತ್ತಿಗೆ ಶೆಡ್ಡು ಸೇರುವುದು ಕನಸಿನ ಮಾತು. ಮಂಗಳವಾರಗಳು ಬಂದವು, ಹೋದವು. ಗಂಟು ಹೋಗಲಿಲ್ಲ.

ಒಂದು ಮಂಗಳವಾರ ಜೇಬಮ್ಮ ಕೆಲಸಕ್ಕೆ ಬರಲಿಲ್ಲ. ಬಾಗಿಲ ಬಳಿಯ ಲಟಾರಿ ಮೆಷಿನ್ನಿನಲ್ಲಿ ಅಂಗಿಗೆ ಜೇಬು ಹೊಲಿಯುವವಳು, ಬಾಯಿ ಜೋರು. ಮರುದಿನ ನಗುತ್ತಲೇ ಬಂದಳು.

"ಎಲ್ಲಿ ಹಾಳಾಗ್ ಹೋಗಿದ್ಯೇ?" ಕಾಲರಕ್ಕ ಕೇಳಿದಳು.

"ಆಸ್ಪತ್ರೆಗೆ ಅಕ್ಕ. ಎದೆ ನೋಯ್ತಿತ್ತಲ್ಲ, ಒತ್ತಿ ನೋಡಿದ್ರು, ಫೋಟೋ ತೆಗೆದ್ರು. ಏನೂ ಇಲ್ಲ ಅಂದ್ರು."

"ಮೆಷಿನ್ ಹೋಗಿದ್ರೆ?"

"ಅಯ್ಯೋ, ಈ ಲಟಾರಿ ಯಾರಿಗ್ ಬೇಕು? ದೆವ್ವ ಬಂದು ಕೂತ್ರೂ ದಾರ ಕಡಿಯುತ್ತೆ!"

ಶೆಡ್ಡಿಗೆ ಶೆಡ್ಡೇ ನಕ್ಕಿತು. ಕಾಲರಕ್ಕನ ಹೊಟ್ಟೆಗೆ ಬೆಂಕಿ ಬಿತ್ತು. ಇಷ್ಟು ವರ್ಷ ತನ್ನನ್ನು ಕಂಡು ಕರುಬುತ್ತಿದ್ದವಳು ಇವಳು. ಈಗ ಇವಳಿಗೆ ಮಂಗಳವಾರವಿದೆ, 'ಏನೂ ಇಲ್ಲ' ಎಂಬ ಮಾತಿದೆ. ಜೇಬಮ್ಮ ಎರಡೂ ಕೈ ಎತ್ತಿ ಮೈ ಮುರಿದರೆ ಕಾಲರಕ್ಕನಿಗೆ ನೋಡಲಾಗುತ್ತಿರಲಿಲ್ಲ. ಅವಳು ಉಂಡದ್ದು, ಆಕಳಿಸಿದ್ದು, ಎಲ್ಲವೂ ಕಣ್ಣು ಕುಕ್ಕಿತು.

ಮುಂದಿನ ಮಂಗಳವಾರ ಕಾಲರಕ್ಕ ಆಸ್ಪತ್ರೆಯ ಸಾಲಿನಲ್ಲಿದ್ದಳು. ಧೈರ್ಯ ಎಲ್ಲಿಂದ ಬಂತು ಎಂದರೆ ಹೊಟ್ಟೆಕಿಚ್ಚಿನಿಂದ ಎನ್ನಬೇಕು. ಅವಳಿಗೆ ಸಿಕ್ಕಿದ್ದು ನನಗ್ಯಾಕೆ ಸಿಗಬಾರದು?

ಡಾಕ್ಟರಮ್ಮ ಗಂಟು ಮುಟ್ಟಿ ನೋಡಿ ಗದರಿದರು. "ಇಷ್ಟ್ ದಿನ ಏನಮ್ಮ ಮಾಡ್ತಿದ್ರಿ? ನಿಮ್ಮಂಥೋರಿಗೆ ಅರಿವೇ ಇಲ್ಲ."

ಅರಿವಂತೆ! ತೋಳು ಚಾಚಿ ಬಟ್ಟೆ ಎಳೆದಾಗಲೆಲ್ಲ ಅವಳಿಗೆ ಆ ಗಂಟಿನ ಅರಿವಿತ್ತು. ಇಲ್ಲದಿದ್ದದ್ದು ಒಂದು ಬೆಳಗಿನ ಬಿಡುವು. ಅರಿವು ಮೂಡಿಸಲು ಗೋಡೆಗೋಡೆಗೆ ಚಿತ್ರ ಅಂಟಿಸುವ ದೊಡ್ಡವರು ಒಂದು ಚಿತ್ರವನ್ನು ಮೇಸ್ತ್ರಿಯ ಹಣೆಗೂ ಅಂಟಿಸಲಿ.

ಬರುವ ಮಂಗಳವಾರ ಸೂಜಿ ಚುಚ್ಚಿ ಪರೀಕ್ಷೆ ಮಾಡಬೇಕು ಎಂದು ಕಳಿಸಿದರು. ಮಧ್ಯಾಹ್ನ ಶೆಡ್ಡಿಗೆ ಬಂದರೆ ಕಿಟಕಿ ಕೆಳಗೆ ಜೇಬಮ್ಮ.

"ಏಳೇ."

"ಕಾನೂನು ನಾನ್ ಮಾಡಿದ್ದಾ ಅಕ್ಕ? ನಾನ್ ಎದ್ರೆ ಇನ್ನೊಬ್ಳು ಕೂರ್ತಾಳೆ." ತಲೆ ಎತ್ತದೆ ಹೊಲಿದಳು. ಆಮೇಲೆ ಮೆಲ್ಲಗೆ, "ಏನಂದ್ರು?"

"ನಿನಗ್ಯಾಕೆ? ಹೊಲಿ."

ವಾರವಿಡೀ ಕಾಲರಕ್ಕ ಲಟಾರಿಯ ಮುಂದೆ ಕೂತು ದಾರ ಪೋಣಿಸಿದ್ದೇ ಬಂತು. ಕಣ್ಣು ಮಾತ್ರ ಕಿಟಕಿಯ ಕಡೆಗೇ ಉರಿಯುತ್ತಿತ್ತು. ಸೋಮವಾರ ಸಂಜೆ ಮೇಸ್ತ್ರಿ ಬಂದ.

"ನಾಳೆ ಬರ್ತೀ ತಾನೇ?"

"ಇಲ್ಲ. ಆಸ್ಪತ್ರೆಗೆ ಹೋಗ್ಬೇಕು."

"ಈ ಮೆಷಿನ್ನೂ ಹೋಗುತ್ತೆ ನೋಡು!"

"ತಗೊಂಡ್ ಹೋಗಿ ನಿಮ್ಮ ಹೆಂಡ್ತಿಗ್ ಕೊಡಿ," ಎಂದು ಕಾಲರಕ್ಕ ಎದ್ದು ಚಪ್ಪಲಿ ಮೆಟ್ಟಿದಳು.