ಬೆಲ್ ಆಗುವವರೆಗಿನ ಹಾಡು

ಸೈಕಲ್ ರಿಪೇರಿಯವನ ಮಗಳು ಮಾತಿಗಿಂತ ಮೊದಲು ಹಾಡು ಕಲಿತಳು ಎಂದು ಬೀದಿಯವರು ಹೇಳುತ್ತಿದ್ದುದು ಪೂರ್ತಿ ಸುಳ್ಳೇನಲ್ಲ. ಅಂಗಡಿಯ ಮೂಲೆಯಲ್ಲಿ ಹಳೆ ಟೈರುಗಳ ರಾಶಿಯ ಮೇಲೆ ಕುಳಿತು, ಕೈಗೆ ಸಿಕ್ಕ ಸ್ಪೋಕಿನಿಂದ ರಿಮ್ಮಿಗೆ ಬಡಿಯುತ್ತ ಅವಳು ಸಂಜೆಯಿಡೀ ಹಾಡುತ್ತಿದ್ದಳು. ಒಂದು ಹಾಡು ಮುಗಿದರೆ ಅದನ್ನೇ ಮತ್ತೆ ಮೊದಲಿನಿಂದ. ಅಪ್ಪ ಅವಳಿಗೆ ಪೀಪಿ ಎಂದು ಹೆಸರಿಟ್ಟಿದ್ದ. ಪಂಕ್ಚರ್ ಹಾಕಿಸಲು ಬಂದವರು ಕೆಲಸ ಮುಗಿದ ಮೇಲೂ ಹ್ಯಾಂಡಲ್ ಹಿಡಿದುಕೊಂಡು ನಿಂತೇ ಇರುತ್ತಿದ್ದರು.

"ಹೊರಡಿ ಸ್ವಾಮಿ, ಇನ್ನು ನಿಂತ್ರೆ ಟಿಕೆಟ್ ಹರೀತೀನಿ," ಎಂದು ಅವನು ನಗುತ್ತಿದ್ದ. ಒಳಗೊಳಗೇ ಎದೆ ಉಬ್ಬುತ್ತಿತ್ತು.

ಅವನದು ಬೇರೆಯವರನ್ನು ಮುಂದಕ್ಕೆ ಕಳಿಸುವ ಕಸುಬು. ಶಾಲೆ ಬಿಡಿಸಿ ಸೋದರಮಾವ ಈ ಅಂಗಡಿಯಲ್ಲಿ ಕೂರಿಸಿದಂದಿನಿಂದ, ಗಾಳಿ ತುಂಬಿಸಿಕೊಂಡು ಎಲ್ಲರೂ ಹೊರಟುಹೋಗುವುದನ್ನು ನೋಡುತ್ತ ತಾನು ಮಾತ್ರ ಕೂತಲ್ಲೇ ಕೂತಿದ್ದ. ಮಗಳು ಹಾಗಾಗಬಾರದು ಎಂಬುದೊಂದೇ ಅವನ ಹಟ.

ಹಿಂದಿನ ಬೀದಿಯ ಹಾಡಿನ ಟೀಚರ್ ಹತ್ತಿರ ಅವಳನ್ನು ಸೇರಿಸಿದ. ಟೀಚರ್ ಕಲಿಸಿದ ಮೊದಲ ಹಾಡು ದೋಣಿಯದು. ದಡ ಬಿಟ್ಟ ದೋಣಿ ಹೊಳೆಯ ನಡುವೆ ಸುಳಿಗೆ ಸಿಕ್ಕಿ, ಕೊನೆಯ ಚರಣದಲ್ಲಿ ಆಚೆ ದಡ ಮುಟ್ಟುತ್ತದೆ. ಪೀಪಿ ಅದನ್ನು ಎರಡೇ ದಿನದಲ್ಲಿ ಕಲಿತು, ಬಂದವರಿಗೆಲ್ಲ ದಡ ಮುಟ್ಟಿಸಿ ತೋರಿಸಿದಳು.

ಅದೇ ಹಾಡಿನೊಂದಿಗೆ ಸಂಗೀತದ ಒಂದನೇ ಗ್ರೇಡಿನ ಪರೀಕ್ಷೆಗೆ ಕೂತಳು. ಪರೀಕ್ಷಕರು ಯಾರ ಹಾಡನ್ನೂ ಪೂರ್ತಿ ಕೇಳುವುದಿಲ್ಲ; ಸಾಕೆನಿಸಿದಾಗ ಮೇಜಿನ ಮೇಲಿನ ಬೆಲ್ ಒತ್ತುತ್ತಾರೆ. ದೋಣಿ ನಡುಹೊಳೆಯಲ್ಲಿದ್ದಾಗ ಬೆಲ್ ಹೊಡೆಯಿತು. ಹುಡುಗಿ ಬೆಚ್ಚಿಬಿದ್ದು, ತಾನೇನೋ ತಪ್ಪು ಮಾಡಿದೆನೆಂದು ಅತ್ತುಬಿಟ್ಟಳು. ಪಾಸೇನೋ ಆದಳು.

ಕೆಟ್ಟದ್ದನ್ನು ಸರಿಮಾಡದೆ ಬಿಡುವವನಲ್ಲ ಅಪ್ಪ. ಮನೆಯ ಕಿಟಕಿಯ ಸರಳಿಗೆ ಒಂದು ಸೈಕಲ್ ಬೆಲ್ ಬಿಗಿದ. ಅವಳು ಅಭ್ಯಾಸ ಮಾಡುವಾಗ ಹಾಡಿನ ನಡುವೆ ಟ್ರಿಣ್ ಅನ್ನಿಸುತ್ತಿದ್ದ. "ಬೆಲ್ ಆಯ್ತು ಅಂದ್ರೆ ನೀನು ಗೆದ್ದೆ ಅಂತ. ಟಕ್ ಅಂತ ನಿಲ್ಲಿಸಿ ಕೈಕಟ್ಟಿ ಕೂತ್ಕೋ." ಕೆಲವೇ ದಿನಗಳಲ್ಲಿ ಅವಳ ಭಯ ಬಿಟ್ಟುಹೋಯಿತು.

ಪರೀಕ್ಷೆ ವರ್ಷಕ್ಕೆ ಎರಡು ಸಲ ನಡೆಯುತ್ತಿತ್ತು. ಉಳಿದ ಮಕ್ಕಳು ವರ್ಷಕ್ಕೊಂದು ಗ್ರೇಡ್ ಹತ್ತಿದರೆ ಪೀಪಿ ಎರಡು ಹತ್ತಿದಳು.

"ಒಂದು ವರ್ಷ ಸುಮ್ಮನೆ ಬಿಡಪ್ಪ," ಎಂದರು ಟೀಚರ್. "ಪರೀಕ್ಷೆಯ ಗೊಡವೆ ಇಲ್ಲದೆ ಹಾಡ್ಕೊಂಡಿರಲಿ."

"ಓಡೋ ಗಾಡಿಗೆ ಸ್ಟ್ಯಾಂಡ್ ಹಾಕು ಅಂತೀರಲ್ಲ ಟೀಚರ್?"

"ಅವಳು ಗಾಡಿ ಅಲ್ಲಪ್ಪ."

"ಪರೀಕ್ಷೆಗೆ ಬೇಕಾದಷ್ಟು ಮಾತ್ರ ಕಲಿಸಿ. ಉಳಿದದ್ದು ಆಮೇಲೆ ಕಲಿತರಾಯ್ತು. ಹಾಡೇನು ಓಡಿಹೋಗುತ್ತಾ?"

ಟೀಚರ್ ಎರಡು ಸಲ ಹೇಳಿ ನೋಡಿ ಸುಮ್ಮನಾದರು. ಹೆಂಡತಿ ಮಾತ್ರ ಅಡುಗೆಮನೆಯಿಂದಲೇ ಚುಚ್ಚುತ್ತಿದ್ದಳು. "ಏನ್ರೀ, ನಿಮ್ಮ ಮಗಳು ಹಾಡ್ತಿದಾಳೋ, ಬಸ್ ಹಿಡಿಯೋಕೆ ಓಡ್ತಿದಾಳೋ?"

"ನೀನು ಸುಮ್ನಿರೇ. ನಿಂಗೇನು ಗೊತ್ತು!"

ಒಂದು ದಿನ ಪೀಪಿಯೇ ಕೇಳಿದಳು: "ಅಪ್ಪ, ಈ ಸಲದ ಪರೀಕ್ಷೆ ಬಿಟ್ಟುಬಿಡ್ಲಾ? ಈ ಹಾಡು ತುಂಬಾ ಚೆನ್ನಾಗಿದೆ. ಇನ್ನೊಂದಿಷ್ಟು ದಿನ ಇದನ್ನೇ ಹಾಡ್ತೀನಿ."

"ಪಾಸಾದ ಹಾಡನ್ನ ಇನ್ನೇನು ಹಾಡೋದು ಪೀಪಿ?" ಎಂದ ಅವನು, ಚೈನಿಗೆ ಎಣ್ಣೆ ಬಿಡುತ್ತ, ತಲೆ ಕೂಡ ಎತ್ತದೆ.

ಅವಳ ಓರಗೆಯವರು ಅರ್ಧ ದಾರಿಯಲ್ಲಿದ್ದಾಗಲೇ ಅವಳು ಕೊನೆಯ ಗ್ರೇಡ್ ಮುಗಿಸಿದಳು. ಸರ್ಟಿಫಿಕೇಟುಗಳು ಕಟ್ಟುಹಾಕಿಸಿಕೊಂಡು ಅಂಗಡಿಯ ಗೋಡೆಯ ಮೇಲೆ, ನೇತುಬಿಟ್ಟ ಟ್ಯೂಬುಗಳ ಪಕ್ಕ ಸಾಲಾಗಿ ಕೂತವು. ಅಪ್ಪನ ಕಾಲು ನೆಲದ ಮೇಲಿರಲಿಲ್ಲ. ಟೈರು ರಾಶಿಯ ಮೇಲಿನ ಹಾಡು ಯಾವಾಗ ನಿಂತಿತೆಂಬುದು ಅವನ ಗಮನಕ್ಕೇ ಬರಲಿಲ್ಲ.

ಮರುವರ್ಷ ಟೀಚರ್ ಮನೆ ಖಾಲಿ ಮಾಡಿ ತಂಗಿಯ ಊರಿಗೆ ಹೊರಟರು. ಕೊನೆಯ ದಿನ ಶಿಷ್ಯರೆಲ್ಲ ಅವರ ಕೋಣೆಯಲ್ಲಿ ಸೇರಿದ್ದರು. ಗಂಟುಮೂಟೆಗಳ ನಡುವೆ ಚಾಪೆ ಹಾಸಿತ್ತು. ಅಪ್ಪ ಬಾಗಿಲ ಬಳಿ ನಿಂತಿದ್ದ.

"ಪೀಪಿ, ಹೋಗೋ ಮುಂಚೆ ನನಗೆ ಆ ದೋಣಿ ಹಾಡು ಹಾಡಮ್ಮ," ಎಂದರು ಟೀಚರ್. "ಪೂರ್ತಿ ಹಾಡು."

ಅವಳು ಹಾಡಿದಳು. ಗದ್ದಲ ಮಾಡುತ್ತಿದ್ದ ಮಕ್ಕಳು ತೆಪ್ಪಗಾದರು. ಅಂಥ ಗಂಟಲು ಆ ಕೋಣೆಯಲ್ಲಿ ಇನ್ನೊಂದಿರಲಿಲ್ಲ. ನಡುಹೊಳೆಯ ಸಾಲು ಬಂತು. ಪೀಪಿ ಟಕ್ಕನೆ ನಿಲ್ಲಿಸಿ, ಕೈಕಟ್ಟಿ, ಅಪ್ಪನತ್ತ ನೋಡಿದಳು.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಮುಂದೆ?" ಎಂದರು ಟೀಚರ್ ಮೆಲ್ಲಗೆ.

"ಮುಂದಿಂದು... ಮರೆತುಹೋಗಿದೆ ಟೀಚರ್."

ಚಾಪೆಯ ತುದಿಯಲ್ಲಿ ಮುಂದಿನ ಹಲ್ಲು ಬಿದ್ದ ಪುಟ್ಟ ಹುಡುಗಿಯೊಬ್ಬಳಿದ್ದಳು. ಮೊನ್ನೆ ಮೊನ್ನೆ ಪಾಠಕ್ಕೆ ಸೇರಿದವಳು. ಅವಳು ಅಪಸ್ವರದಲ್ಲೇ ಕೊನೆಯ ಚರಣವನ್ನು ಕಿರುಚಿ ದೋಣಿಯನ್ನು ದಡಕ್ಕೆ ತಂದಳು. ಎಲ್ಲರೂ ಚಪ್ಪಾಳೆ ತಟ್ಟಿ ನಕ್ಕರು. ಪೀಪಿಯೂ ನಕ್ಕಳು. ಅಪ್ಪನಿಗೆ ನಗಲಾಗಲಿಲ್ಲ.

ಮನೆಗೆ ಬರುವಾಗ ಅವನು ಸೈಕಲ್ ಹತ್ತದೆ ತಳ್ಳಿಕೊಂಡೇ ನಡೆದ.

"ಕಲ್ತುಬಿಡು ಪೀಪಿ. ಒಂದು ಚರಣ ತಾನೆ?"

"ಯಾವ ಪರೀಕ್ಷೆಗೆ ಅಪ್ಪ?"

ಕುಹಕಕ್ಕೆ ಕೇಳಿದ್ದರೆ ಬೈದು ಹಗುರಾಗುತ್ತಿದ್ದ. ಅವಳು ನಿಜವಾಗಿಯೇ ಕೇಳಿದ್ದಳು. ಚೈನಿಗೆ ಎಣ್ಣೆ ಬಿಡುತ್ತ ತಾನಾಡಿದ್ದ ಮಾತು ಆಗ ನೆನಪಾಯಿತು. ಮನೆಗೆ ಬಂದವನೇ ಪಾನಾ ತೆಗೆದುಕೊಂಡು ಕಿಟಕಿಯ ಬೆಲ್ ಬಿಚ್ಚಿದ. ಹೆಂಡತಿ ನೋಡಿದಳು, ಮತ್ತೆ ಒಲೆಯ ಕಡೆ ತಿರುಗಿದಳು. ಅವಳು ಬೈದಿದ್ದರೂ ಚೆನ್ನಾಗಿತ್ತು ಅನ್ನಿಸಿತು ಅವನಿಗೆ.

ಪೀಪಿ ಈಗ ಕಾಲೇಜಿಗೆ ಹೋಗುತ್ತಾಳೆ. ಚೆನ್ನಾಗಿ ಓದುತ್ತಾಳೆ, ಸಂಜೆ ಅಂಗಡಿಯಲ್ಲಿ ಕೈಜೋಡಿಸುತ್ತಾಳೆ. ಯಾರಾದರೂ ಗೋಡೆ ನೋಡಿ "ಒಂದು ಹಾಡು ಹೇಳಮ್ಮ" ಎಂದರೆ "ಅದೆಲ್ಲ ಮುಗೀತು ಅಂಕಲ್," ಎಂದು ನಗುತ್ತಾಳೆ.

ಮೊನ್ನೆ ಅಂಚೆಯವನ ಸೈಕಲ್ಲಿಗೆ ಅಪ್ಪ ಹೊಸ ಬೆಲ್ ಕೂರಿಸುತ್ತಿದ್ದ. ಪಕ್ಕದಲ್ಲಿ ಟ್ಯೂಬಿಗೆ ಪ್ಯಾಚ್ ಅಂಟಿಸುತ್ತಿದ್ದ ಮಗಳು, ತನಗೇ ಗೊತ್ತಿಲ್ಲದ ಹಾಗೆ, ದೋಣಿ ಹಾಡು ಗುನುಗತೊಡಗಿದಳು. ಎಷ್ಟೋ ವರ್ಷಗಳ ಮೇಲೆ.

"ಬೆಲ್ ಸದ್ದು ಬರುತ್ತಾ?" ಎಂದು ಅಂಚೆಯವನು ಬೆರಳು ಚಾಚಿದ. ಅಪ್ಪ ಬೆಲ್ಲನ್ನು ಇಡಿಯಾಗಿ ಅಂಗೈಯಲ್ಲಿ ಮುಚ್ಚಿದ.

"ಬರುತ್ತೆ, ಬರುತ್ತೆ. ಆಮೇಲೆ ಆ ತಿರುವಿನಲ್ಲಿ ಹೊಡೆದು ನೋಡ್ಕೊಳ್ಳಿ," ಎಂದ ಪಿಸುದನಿಯಲ್ಲಿ.

ಹಾಡು ನಡುಹೊಳೆಗೆ ಬಂತು. ಅಂಗಡಿಯಲ್ಲಿ ಯಾವ ಸದ್ದೂ ಇರಲಿಲ್ಲ. ಹಾಡು ಅಲ್ಲೇ ನಿಂತಿತು.

"ಅಪ್ಪ, ಗಾಳಿ ಹೊಡೀಲಾ?" ಎಂದಳು ಮಗಳು, ಪಂಪಿಗೆ ಕೈಹಾಕುತ್ತ.

"ಹೊಡಿಯಮ್ಮ," ಎಂದ ಅವನು. ಅಂಗೈ ಇನ್ನೂ ಬೆಲ್ಲಿನ ಮೇಲೇ ಇತ್ತು.