ಬೇರೆಯವರ ಶಾಲೆಗೆ ದಾರಿ ತೋರಿಸುವ ಬೀಳಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಶಾಲೆಯೊಂದರ ಊಟದ ಹಾಲ್‌ನಲ್ಲಿ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೇಜುಗಳನ್ನೆಲ್ಲ ಗೋಡೆಗೆ ತಳ್ಳಿ, ಮಂಡಿಯೂರಿ ಕೂತು, ನೆಲದ ತುಂಬ ಹಾಸಿದ ಮ್ಯಾಟುಗಳ ಸಂದಿಯನ್ನು ಅಂಗೈಯಿಂದ ಸವರಿ ನೋಡುತ್ತಿದ್ದಾರೆ. ಎರಡು ಮ್ಯಾಟುಗಳ ನಡುವೆ ಚೂರು ಜಾಗ ಉಳಿದರೂ ಯಾವುದಾದರೂ ಮಗುವಿನ ಕಾಲ್ಬೆರಳು ಸಿಕ್ಕಿಕೊಂಡೀತು ಎಂಬ ಭಯ. ಒಂದು ಕಡೆ ಸಂದಿ ಸಿಗುತ್ತದೆ. ಎದ್ದು ಹಿಮ್ಮಡಿಯಿಂದ ಒದ್ದು ಕೂಡಿಸುತ್ತಾರೆ. ಮಂಡಿ ಲಟಕ್ಕೆನ್ನುತ್ತದೆ, ಅದಕ್ಕೊಂದು ಬೈಗುಳವೂ ಬೀಳುತ್ತದೆ.

ಇವರು ಕಲಿಸುವುದು ಜೂಡೋ, ಎದುರಾಳಿಯ ಅಂಗಿ ಹಿಡಿದು ನೆಲಕ್ಕೆ ಕೆಡಹುವ ಆಟ. ಸೇರಿದ ಮೊದಲ ತಿಂಗಳು ಬೀಳುವುದೊಂದನ್ನು ಬಿಟ್ಟು ಬೇರೇನೂ ಹೇಳಿಕೊಡುವುದಿಲ್ಲ. ಹೀಗಾಗಿ ಮಕ್ಕಳು ಇಟ್ಟ ಹೆಸರು ಬೀಳಕ್ಕ. ಮಕ್ಕಳ ಅಪ್ಪ ಅಮ್ಮಂದಿರೂ ಈಗ ಹಾಗೇ ಕರೆಯುತ್ತಾರೆ.

ಶಾಲೆಯ ಗಂಟೆ ಹೊಡೆಯುವುದರೊಳಗೆ ಮ್ಯಾಟು ಎತ್ತಿ, ಮೇಜು ಮೊದಲಿನಂತೆ ಜೋಡಿಸಿ, ಬೀಳಕ್ಕ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗಕ್ಕೆ ಓಡಬೇಕು. ಸಂಜೆಯವರೆಗೆ ಅಲ್ಲಿ ಹಾಸಿಗೆಯ ಬಟ್ಟೆ ಮಡಿಸುವ ಕೆಲಸ. ವರ್ಷಗಟ್ಟಲೆ ಎದುರಾಳಿಗಳ ಕಾಲರ್ ಹಿಡಿದೂ ಹಿಡಿದೂ ಬಲಗೈಯ ಕೊನೆಯ ಎರಡು ಬೆರಳು ನೆಟ್ಟಗಾಗುವುದೇ ಇಲ್ಲ. ಗಂಡ ವ್ಯಾನ್ ಚಾಲಕ, ಮಾತಿನಮಲ್ಲ. ‘ನಮ್ಮನೇಲಿ ಜಗಳ ಅಂತ ಬಂದ್ರೆ ನಾನೇ ಮೊದಲು ಸೋತ್ಬಿಡ್ತೀನಿ. ಮನೇಲಿ ಮ್ಯಾಟ್ ಹಾಸಿಲ್ವಲ್ಲ!’ ಎನ್ನುತ್ತಾರೆ.

ಬೀಳಕ್ಕ ಈ ಆಟಕ್ಕೆ ಬಂದದ್ದೂ ಬೀಳುವುದಕ್ಕೇ. ‘ಅಣ್ಣ ಕಲೀತಿದ್ದ. ಮನೇಲಿ ಅಭ್ಯಾಸ ಮಾಡೋಕೆ ಅವನಿಗೆ ಬೀಳೋರು ಒಬ್ರು ಬೇಕಿತ್ತು. ಅಪ್ಪ ನನ್ನನ್ನ ಜೊತೆಗೆ ಅಟ್ಟಿದ್ರು. ಅವನು ವರ್ಷ ತುಂಬೋದ್ರೊಳಗೆ ಬಿಟ್ಟ. ನಾನು ಬೀಳ್ತಾ ಬೀಳ್ತಾ ಇಲ್ಲೇ ಉಳ್ಕೊಂಡೆ’ ಎಂದು ನಗುತ್ತಾರೆ.

ಇವರನ್ನು ಹುಡುಕಿಕೊಂಡು ಬರುವವರ ಮೊದಲ ಪ್ರಶ್ನೆ ಒಂದೇ: ಕರಾಟೆ ಒಳ್ಳೆಯದೋ, ಜೂಡೋನೋ, ಬಾಕ್ಸಿಂಗೋ? ಬೀಳಕ್ಕ ಅದಕ್ಕೆ ನೇರ ಉತ್ತರ ಕೊಡುವುದೇ ಇಲ್ಲ. ‘ಆಟ ಆಮೇಲೆ ಆರಿಸ್ಕೊಳ್ಳಿ. ಮೊದ್ಲು ಹೋಗಿ ಒಂದಿನ ಸುಮ್ನೆ ಕೂತು ನೋಡಿ. ಕೂರೋಕೇ ಬಿಡ್ಲಿಲ್ಲ ಅಂದ್ರೆ ವಾಪಸ್ ಬನ್ನಿ. ಕೂರೋಕೆ ಬಿಟ್ರೆ, ಎಲ್ಲರಿಗಿಂತ ಪುಕ್ಕಲು ಮಗು ಯಾವುದು ನೋಡಿ, ಅದರ ಹತ್ರ ಮೇಷ್ಟ್ರು ಹೇಗೆ ಮಾತಾಡ್ತಾರೆ ಕೇಳಿಸ್ಕೊಳ್ಳಿ.’ ಬೆಳ್ಳಗಿರುವುದೆಲ್ಲ ಹಾಲಲ್ಲ. ಬಿಳಿ ದಿರಿಸು ತೊಟ್ಟು ಸೊಂಟಕ್ಕೆ ಕಪ್ಪು ಪಟ್ಟಿ ಬಿಗಿದವರೆಲ್ಲ ಗುರುಗಳೂ ಅಲ್ಲ.

ಈ ಮಾತು ತಡವಾಗಿ ತಿಳಿದವರಲ್ಲಿ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ತಾಯಿಯೊಬ್ಬರಿದ್ದಾರೆ. ಅವರ ಹನ್ನೊಂದು ವರ್ಷದ ಮಗಳು ಆಸೆಪಟ್ಟು ಇಂಥದ್ದೇ ಆಟ ಕಲಿಸುವ ಒಂದು ಶಾಲೆ ಸೇರಿದ್ದಳು. ಅಲ್ಲಿ ತರಗತಿ ಶುರುವಾದರೆ ಬಾಗಿಲು ಮುಚ್ಚುತ್ತಿತ್ತು, ಹೆತ್ತವರು ಕೆಳಗಿನ ಮಹಡಿಯಲ್ಲಿ ಕಾಯಬೇಕಿತ್ತು. ಒಳಗೆ, ಅಳುವ ಮಕ್ಕಳನ್ನು ಮೇಷ್ಟ್ರು ಕಾಲರ್ ಹಿಡಿದು ಅಲುಗಾಡಿಸಿ ಎಲ್ಲರ ಮುಂದೆ ನಿಲ್ಲಿಸುತ್ತಿದ್ದರು. ‘ನಾನು ಕೆಳಗೇ ಕೂತಿದ್ದೆ, ಮೇಡಂ. ಮಗಳು ಸಪ್ಪಗಿದ್ರೆ ಶಿಸ್ತು ಕಲೀತಿದಾಳೆ ಅಂದ್ಕೊಂಡೆ’ ಎಂದು ತಾಯಿ ಬೀಳಕ್ಕನ ಮುಂದೆ ಅತ್ತರಂತೆ. ಕತ್ತಿನ ಗೀರು ಕಣ್ಣಿಗೆ ಬಿದ್ದ ದಿನವೇ ಅಲ್ಲಿಂದ ಬಿಡಿಸಿದರು. ಅಷ್ಟರಲ್ಲಿ ಹುಡುಗಿ ಜಡೆ ಹಾಕಿಸಿಕೊಳ್ಳಲೂ ಹೆದರುವಂತಾಗಿದ್ದಳು. ಆಟದ ಮೈದಾನ ಬಿಟ್ಟಿದ್ದಳು, ನಗುವುದನ್ನೂ ಬಿಟ್ಟಿದ್ದಳು. ಅವಳು ಮತ್ತೆ ಯಾರನ್ನಾದರೂ ನಂಬಿಯಾಳೇ ಎಂಬುದೇ ತಾಯಿಯ ಚಿಂತೆ.

ಬೀಳಕ್ಕನ ಹಾಲ್‌ನಲ್ಲಿ ಹುಡುಗಿ ಒಂದು ವಾರ ಅಮ್ಮನ ಪಕ್ಕದಲ್ಲಿ ಗೋಡೆಗೊರಗಿ ಕೂತಳು. ಒಂದು ಬೆಳಿಗ್ಗೆ ತಾನಾಗಿಯೇ ಎದ್ದು, ಎರವಲು ದಿರಿಸು ತೊಟ್ಟು ಮ್ಯಾಟಿನ ಮೇಲೆ ಬಂದಳು. ತಾಯಿಯ ಮುಖ ಅರಳಿತು. ಬೀಳಕ್ಕನಿಗೂ ಹಿಗ್ಗು. ಆ ಹಿಗ್ಗಿನಲ್ಲೇ ಎಡವಟ್ಟಾಯಿತು. ಜೂಡೋದವರ ಕೈಗೆ ಒಂದು ಚಾಳಿ ಇದೆ, ಸೊಟ್ಟಗಿರುವ ಕಾಲರ್ ಕಂಡರೆ ತಾನಾಗಿ ಹೋಗಿ ಎಳೆದು ಸರಿಮಾಡುತ್ತದೆ. ಬೀಳಕ್ಕನ ಕೈ ಹೋಯಿತು. ಹುಡುಗಿ ಮರದಂತೆ ಸೆಟೆದು ನಿಂತಳು, ಮರುಗಳಿಗೆ ತೆರೆದ ಬಾಗಿಲಿನಿಂದ ಓಡಿ ಮೆಟ್ಟಿಲ ಮೇಲೆ ಕುಸಿದಳು.

‘ಆ ಕೈನ ಕತ್ತರಿಸ್ಕೊಳ್ಳೋ ಹಾಗಾಯ್ತು’ ಎನ್ನುತ್ತಾರೆ ಬೀಳಕ್ಕ. ತರಗತಿ ನಿಲ್ಲಿಸಿ, ಹುಡುಗಿಗಿಂತ ಒಂದು ಮೆಟ್ಟಿಲು ಕೆಳಗೆ, ಎರಡೂ ಕೈಗಳನ್ನು ತೊಡೆಯ ಅಡಿ ಇಟ್ಟುಕೊಂಡು ಕೂತರು.

‘ತಪ್ಪು ನಂದು, ಮಗಳೇ. ನನ್ನ ಆಟದಲ್ಲಿ ಕಾಲರ್ ಹಿಡೀದೆ ಏನೂ ನಡೆಯಲ್ಲ. ಹಿಡಿಯದೇ ಇರೋ ಆಟ ಬೇರೆ ಇದೆ. ಹುಡುಕೋಣ್ವಾ?’

‘ಎಲ್ಲಾ ಕಡೆ ಹೀಗೇ ಅಲ್ವಾ?’

‘ನೋಡೋಣ. ಚೆನ್ನಾಗಿಲ್ದಿದ್ರೆ ಎದ್ದು ಬರೋಣ. ನಾನೂ ಬರ್ತೀನಿ.’

ಮಕ್ಕಳ ಕೊರತೆಯಿಂದ ತರಗತಿಯೇ ಸೊರಗಿರುವ ಬೀಳಕ್ಕ, ಕೈಗೆ ಬಂದ ಶಿಷ್ಯೆಯನ್ನು ಬೇರೆಯವರಿಗೆ ಒಪ್ಪಿಸಲು ತನ್ನ ರಜೆಯ ದಿನ ತಾಯಿ ಮಗಳ ಜೊತೆ ಹೊರಟರು. ಮೊದಲ ಶಾಲೆಯಲ್ಲಿ ಗೋಡೆ ತುಂಬ ಕನ್ನಡಿ, ಬೀರು ತುಂಬ ಗೆದ್ದುತಂದ ಕಪ್ಪುಗಳು. ಒಳಗೆ ಕೂರಬಹುದೇ ಎಂದರೆ, ಮಕ್ಕಳ ಗಮನ ಹಾಳಾಗುತ್ತದೆ ಎಂಬ ಉತ್ತರ. ಮೂವರೂ ಬಂದ ದಾರಿಗೆ ಸುಂಕವಿಲ್ಲವೆಂದು ಇಳಿದುಬಂದರು. ಎರಡನೆಯದು ಕುಸ್ತಿಯ ಶಾಲೆ. ಅಲ್ಲಿನ ಗುರು ಒಳ್ಳೆಯವರು, ವಿಷಯ ಕೇಳಿ ತಾವೇ ಹೇಳಿದರು: ‘ಇಲ್ಲೂ ಹಿಡಿಯೋದೇ ಕೆಲ್ಸ ಅಕ್ಕ. ಮಗೂಗೆ ಈಗ ಬೇಡ.’

ಮೂರನೆಯದು ಸೈಕಲ್ ಅಂಗಡಿಯ ಮೇಲಿನ ತಾರಸಿ. ನಿವೃತ್ತ ಅಂಚೆಯವರೊಬ್ಬರು ಅಲ್ಲಿ ಕರಾಟೆ ಕಲಿಸುತ್ತಾರೆ. ಮಕ್ಕಳ ಕೈಕಾಲು ತಪ್ಪಾದರೆ ಮುಟ್ಟುವುದಿಲ್ಲ, ಎದುರಿಗೆ ನಿಂತು ತಾವೇ ಮಾಡಿ ತೋರಿಸುತ್ತಾರೆ. ಹುಡುಗಿ ಬಹಳ ಹೊತ್ತು ನೋಡಿದಳು. ಕೊನೆಗೆ ಎದ್ದು ಅವರ ಬಳಿ ಹೋಗಿ ಕೇಳಿದಳು: ‘ಬೇಡ ಅಂದ್ರೆ ನಿಲ್ಲಿಸ್ತೀರಾ?’

ಮುದುಕರು ಯೋಚಿಸಿದರು. ‘ನಾನು ಹೇಳಿದ್ರೆ ನೀನು ಯಾಕೆ ನಂಬಬೇಕು? ಬೇಡ ಅಂತ ನೀನೇ ಹೇಳಿ ನೋಡು’ ಎಂದು ತರಗತಿಯನ್ನು ಮುಂದುವರಿಸಿದರು. ಮಕ್ಕಳು ಒದೆಯಲು ಕಾಲೆತ್ತಿದರು.

‘ಬೇಡ’ ಎಂದಳು. ಕೇಳಿಸಲಿಲ್ಲ. ಇನ್ನೊಮ್ಮೆ ಅಂದಳು. ಮೂರನೆಯ ಸಲ ಕೆಳಗಿನ ಸೈಕಲ್ ಅಂಗಡಿಯವನೂ ತಲೆಯೆತ್ತಿ ನೋಡುವಂತೆ ಕಿರುಚಿದಳು: ‘ಬೇಡ!’

‘ನಿಲ್ಲಿಸಿ!’ ಎಂದರು ಮೇಷ್ಟ್ರು. ಇಡೀ ತರಗತಿ ಒಂಟಿಕಾಲಲ್ಲಿ ಕೊಕ್ಕರೆಗಳ ಹಾಗೆ ನಿಂತಿತು. ಮೇಷ್ಟ್ರ ಕಾಲೂ ಮೇಲೆಯೇ. ತುದಿಯಲ್ಲಿದ್ದ ಗುಂಡನೆಯ ಹುಡುಗನೊಬ್ಬ ತೂಕ ತಪ್ಪಿ ದೊಪ್ಪೆಂದು ಕೂತ. ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು. ಮಗಳ ನಗು ಕೇಳಿ ತಾಯಿ ಮುಖ ಮುಚ್ಚಿಕೊಂಡು ಅಳತೊಡಗಿದರು.

ಹುಡುಗಿ ಈಗ ಆ ತಾರಸಿಯ ಶಿಷ್ಯೆ. ತನ್ನ ಬಳಿ ಕಲಿಯಲಿಲ್ಲವೆಂಬ ಬೇಸರವಿದೆಯೇ ಎಂದು ಕೇಳಿದರೆ ಬೀಳಕ್ಕ ದೊಡ್ಡಸ್ತಿಕೆ ತೋರಿಸುವುದಿಲ್ಲ.

‘ಇಲ್ದೆ ಏನು? ಇದೆ. ಜೂಡೋಗೆ ಹೇಳಿ ಮಾಡಿಸಿದ ಸೊಂಟ ಆ ಹುಡುಗೀದು. ಹೊಟ್ಟೆ ಉರಿಯುತ್ತೆ!’ ಮ್ಯಾಟೊಂದನ್ನು ಎತ್ತಿ ಗೋಡೆಗೆ ಒರಗಿಸಿ, ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಾರೆ. ‘ಆದ್ರೆ ಮೊನ್ನೆ ರಸ್ತೇಲಿ ಸಿಕ್ಳು. ಆ ಕಡೆಯಿಂದ್ಲೇ ಕೂಗಿ ಹೇಳಿದ್ಲು: ಅಕ್ಕಾ, ಇವತ್ತು ಕಾಲು ನೋಯ್ತಿತ್ತು, ನಮ್ಮ ಮೇಷ್ಟ್ರಿಗೇ ಬೇಡ ಅಂದೆ, ಅವರು ಸರಿ ಕೂತ್ಕೋ ಅಂದ್ರು ಅಂತ. ನಮ್ಮ ಮೇಷ್ಟ್ರು ಅಂದ್ಲು, ನೋಡಿ. ನನಗೆ ಅಷ್ಟು ಸಾಕು.’