ಚೀಟಿಗೆ ಹೆದರದ ಬೀದಿ

ಬಾಗಿಲಿಗೆ ಕ್ವಾರಂಟೈನ್ ಚೀಟಿ ಅಂಟಿಸಿದ ಆರೋಗ್ಯ ನಿರೀಕ್ಷಕರು ಬೀದಿ ದಾಟುವ ಮೊದಲೇ ತಮಿಳುನಾಡಿನ ಕೊಂಬೈನಲ್ಲಿ, ಕನ್ನಡ ಮಾತಾಡುವವರ ಬೀದಿಯಲ್ಲಿರುವ ನಮ್ಮ ಮನೆಯ ಜಗಲಿ ತುಂಬಿಹೋಯಿತು. ಕೊರೊನಾ ಕಾಲದಲ್ಲಿ ಸಿಂಗಪುರದಿಂದ ಬಂದವನು ಹೇಗಿರುತ್ತಾನೆಂದು ನೋಡಬೇಕಲ್ಲ! ಎರಡು ವಿಮಾನ ನಿಲ್ದಾಣಗಳಲ್ಲಿ, ಮತ್ತೆ ದಿಂಡಿಗಲ್‌ ಬಳಿ ನನ್ನನ್ನು ತಡೆದು ಪರೀಕ್ಷಿಸಿದ್ದರು. ‘ದೂರವಿರಿ’ ಎಂದು ಅವರು ಕೈಮೇಲೆ ಒತ್ತಿದ್ದ ಮುದ್ರೆಯನ್ನು ಪಕ್ಕದ ಮನೆಯ ಮಾವ ನನ್ನ ಕೈ ಹಿಡಿದುಕೊಂಡೇ ಓದಿದರು.

ಅಜ್ಜಿ ಹಿತ್ತಿಲಿನಿಂದ ಬೇವಿನ ಸೊಪ್ಪು ತಂದು ಬಾಗಿಲಿಗೆ ಕಟ್ಟಿದಳು. ಸಿಡುಬು ಎದ್ದು ಅಮ್ಮ ಬಂದಳೆನ್ನುವ ಮನೆಗೆ ಕಟ್ಟುವ ಸೊಪ್ಪದು. ಅದನ್ನು ದಾಟಿ ನಮ್ಮಲ್ಲಿ ಯಾರೂ ಒಳಗೆ ಕಾಲಿಡುವುದಿಲ್ಲ. ಜಗಲಿ ಕ್ಷಣದಲ್ಲಿ ಖಾಲಿಯಾಯಿತು.

“ಕಾಯಿದ ಅಂಟ್ಸಿದ್ರೆ ನೋಡಾಕೆ ಬತ್ತಾರೆ ಸಾಮಿ, ಬೇಪು ಕಟ್ಟಿದ್ರೆ ಒಬ್ಬನೂ ಬರಾನಿಲ್ಲ” ಎಂದಳು.

ಹದಿನೈದನೆಯ ದಿನ ಚೀಟಿ ಕೀಳಲು ಬಂದ ನಿರೀಕ್ಷಕರು ಬೀದಿಯಲ್ಲೇ ಚಪ್ಪಲಿ ಬಿಟ್ಟು ನಿಂತರು. ಮೊದಲು ಬೇವು ಬಿಚ್ಚುವಂತೆ ಅಜ್ಜಿಯನ್ನು ತಮಿಳಿನಲ್ಲಿ ಬೇಡಿಕೊಂಡರು. ಬೇವು ಬಿಚ್ಚುವುದು ಅಮ್ಮನ ವಾರವಾದ ಮಂಗಳವಾರವೇ ಎಂದಳು ಅಜ್ಜಿ. ಅವರು ಕೈಮುಗಿದು ಹೊರಟುಹೋದರು.

ಸರ್ಕಾರ ನನಗೆ ವಿಧಿಸಿದ್ದು ಹದಿನಾಲ್ಕು ದಿನ. ನಾನು ಒಳಗಿದ್ದದ್ದು ಹದಿನೇಳು. ಪಾಸ್‌ಪೋರ್ಟಿನ ತುಂಬ ಮುದ್ರೆಗಳಿವೆ. ಎಲ್ಲರೂ ಮರ್ಯಾದೆ ಕೊಟ್ಟ ಆ ಒಂದು ಗಡಿಯ ಗುರುತು ಮಾತ್ರ ಅದರಲ್ಲಿಲ್ಲ.